ತೆರೆದ ಬಾಗಿಲಿನ ಸೋಮವಾರಗಳು

ಹಾಜಿಯವರ ದಿವಾನಿಯಾಕ್ಕೆ ಮೊದಲ ಸಲ ಹೋದ ದಿನ ನಾನು ಒಂಬತ್ತು ಕಪ್ ಕಾಫಿ ಕುಡಿದೆ. ಆಸೆಯಿಂದ ಕುಡಿದದ್ದಲ್ಲ. ನಿಲ್ಲಿಸುವುದು ಹೇಗೆಂದು ಗೊತ್ತಿರಲಿಲ್ಲ.

ದಿವಾನಿಯಾ ಎಂದರೆ ಕುವೈತಿನ ಮನೆಗಳಲ್ಲಿ ಗಂಡಸರು ಸಂಜೆ ಕೂತು ಮಾತಾಡುವ ಹೊರಕೋಣೆ. ಗೋಡೆಯುದ್ದಕ್ಕೂ ದಿಂಬು, ನೆಲಕ್ಕೆ ಜಮಖಾನ, ಬಾಗಿಲ ಹತ್ತಿರ ಕಾಫಿಯ ವ್ಯವಸ್ಥೆ. ಹಾಜಿಯವರು ನಮ್ಮ ಕಂಪನಿ ಕಟ್ಟಿದವರು. ಕುವೈತಿ, ಶಿಯಾ ಮನೆತನದವರು, ಆಗಲೇ ಎಪ್ಪತ್ತರ ಹತ್ತಿರ. ನಗರದ ಶರ್ಕ್ ಬಡಾವಣೆಯ ಆಫೀಸನ್ನು ದೊಡ್ಡ ಮಗನಿಗೆ ಒಪ್ಪಿಸಿ ಮನೆಯಲ್ಲಿದ್ದರು. ನಾನು ಆ ಮಗನ ಸೆಕ್ರೆಟರಿ. ಸಹಿ ಬೇಕಾದ ಕಾಗದಗಳನ್ನು ಹಿಡಿದುಕೊಂಡು ಸೋಮವಾರ ಸಂಜೆ ಅಪ್ಪನ ಮನೆಗೆ ಹೋಗು ಎಂದು ಅವನು ಕಳಿಸಿದ್ದ.

ಕೂತ ಕೂಡಲೇ ಕೈಗೆ ಒಂದು ಪುಟಾಣಿ ಫಿಂಜಾನ್ ಬಂತು. ಹಿಡಿಯಿಲ್ಲದ ಕಪ್ಪು, ತಳದಲ್ಲಿ ಎರಡು ಗುಟುಕು ಏಲಕ್ಕಿ ಘಮದ ಕಹಿ ಕಾಫಿ, ಇಲ್ಲಿನವರ ಗಹ್ವಾ. ನಮ್ಮ ಉಡುಪಿ ಕಡೆ ಯಾರಾದರೂ ಕುಡಿಯಲು ಕೊಟ್ಟರೆ ತಳ ಕಾಣುವವರೆಗೆ ಕುಡಿದು ಲೋಟ ವಾಪಸು ಕೊಡುವುದು ಮರ್ಯಾದೆ. ಕುಡಿದೆ, ಕಪ್ಪು ಮುಂದೆ ಚಾಚಿದೆ. ಮತ್ತೆ ತುಂಬಿತು. ಮತ್ತೆ ಕುಡಿದು ಚಾಚಿದೆ. ಹೀಗೆ ಒಂಬತ್ತು. ಎದೆ ಡವಡವ ಎನ್ನಲು ಶುರುವಾದ ಮೇಲೆ ಕಾಫಿ ಹಾಕುತ್ತಿದ್ದವರು ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು, "ಕಪ್ಪನ್ನು ಸ್ವಲ್ಪ ಅಲ್ಲಾಡಿಸಿ ಮಾರಾಯ್ರೆ. ಅಲ್ಲಾಡಿಸಿದ್ರೆ ಸಾಕು ಅಂತ ಅರ್ಥ. ಇಲ್ಲದಿದ್ರೆ ನಾನು ಹಾಕ್ತಾ ಇರ್ಬೇಕಾಗ್ತದೆ, ನೀವು ಕುಡೀತಾ ಇರ್ಬೇಕಾಗ್ತದೆ."

ಅವರೇ ಕಾಕ. ಬಂಟ್ವಾಳದ ಕಡೆಯ ಬ್ಯಾರಿ, ನನಗಿಂತ ಹದಿನೈದು ವರ್ಷಕ್ಕೆ ಹಿರಿಯರು, ಹಾಜಿಯವರ ಮನೆಯಲ್ಲೇ ತಲೆ ಬಿಳಿ ಮಾಡಿಕೊಂಡವರು. ನಾನೇನು ಮಾಡುತ್ತಿದ್ದೇನೆಂದು ಎರಡನೇ ಕಪ್ಪಿಗೇ ಅವರಿಗೆ ಗೊತ್ತಾಗಿತ್ತಂತೆ. ಹಾಗಾದರೆ ಯಾಕೆ ಮೊದಲೇ ಹೇಳಲಿಲ್ಲ ಎಂದು ಸಿಟ್ಟಿನಿಂದ ಕೇಳಿದರೆ, "ಊರಿನವರು ಎಷ್ಟು ಕುಡೀತಾರೆ ನೋಡುವ ಅಂತ" ಎಂದು ನಕ್ಕರು. ಆ ರಾತ್ರಿ ನನಗೆ ಕಣ್ಣು ಮುಚ್ಚಲಾಗಲಿಲ್ಲ.

ಆ ಕೋಣೆಯ ಬಾಗಿಲ ಬಗ್ಗೆ ಹೇಳಬೇಕು. ಎರಡು ಕದದ ದಪ್ಪ ತೇಗ. ಹಾಜಿಯವರ ತಂದೆ ಹಾಯಿ ಹಡಗಿನ ಕಾಲದಲ್ಲಿ ಮಂಗಳೂರಿನಿಂದ ಮರ, ಹಂಚು ತರುತ್ತಿದ್ದರಂತೆ. ಹಾಜಿಯವರು ಹುಡುಗರಾಗಿದ್ದಾಗ ಮುಂಬೈಯಲ್ಲಿ ಬೆಳೆದವರು. ನಮ್ಮೊಡನೆ ಮಾತಾಡುತ್ತಿದ್ದುದು ಅರಬ್ಬಿ ಬೆರೆತ ಮುಂಬೈ ಹಿಂದಿಯಲ್ಲಿ. ಬಾಗಿಲು ತಟ್ಟಿ, "ಭಾಯಿ, ಇದು ನಿಮ್ಮೂರಿನದು" ಎಂದು ನನಗೆ ಕಡಿಮೆಯೆಂದರೆ ನೂರು ಸಲ ಹೇಳಿರಬಹುದು. ಸೋಮವಾರ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಆ ಬಾಗಿಲು ಪೂರ್ತಿ ತೆರೆಯುತ್ತಿತ್ತು. ಯಾರು ಬೇಕಾದರೂ ಒಳಗೆ ಬರಬಹುದು. ಬಂದವರನ್ನು ನೀನು ಯಾರು, ಯಾಕೆ ಬಂದೆ ಎಂದು ಕೇಳುವ ಹಾಗಿಲ್ಲ. ಕೂರಿಸಬೇಕು, ಕಾಫಿ ಕೊಡಬೇಕು. ಹೇಳುವುದಿದ್ದರೆ ಅವರೇ ಹೇಳುತ್ತಾರೆ. ಅವರ ತಂದೆ ನಡೆಸಿಕೊಂಡು ಬಂದ ಕ್ರಮವದು. ಹಾಜಿಯವರಿಗೆ ಅದಕ್ಕಿಂತ ದೊಡ್ಡ ಆಸ್ತಿ ಇರಲಿಲ್ಲ.

ಹೀಗೇ ಕೆಲವು ವರ್ಷ ಕಳೆದ ಮೇಲೆ, 2015ರ ರಂಜಾನಿನ ಆ ಶುಕ್ರವಾರ ಬಂತು.

ಮೈದಾನ್ ಹವಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ನಾನು ಬಂಗುಡೆ ಕಾಯಿಸುತ್ತಿದ್ದೆ. ವಾರಕ್ಕೊಂದು ರಜೆ, ಹೆಂಡತಿಗೂ ಅಡುಗೆಮನೆಯಿಂದ ರಜೆ. ನಗರದ ಒಂದು ಶಿಯಾ ಮಸೀದಿಯಲ್ಲಿ, ಮಧ್ಯಾಹ್ನದ ನಮಾಜಿನ ಹೊತ್ತಿಗೆ, ಎಲ್ಲರೊಡನೆ ಒಳಗೆ ಬಂದವನೊಬ್ಬ ಮೈಗೆ ಕಟ್ಟಿಕೊಂಡಿದ್ದ ಬಾಂಬನ್ನು ಸಿಡಿಸಿದ ಸುದ್ದಿ ಫೋನಿನಲ್ಲಿ ಬಂತು. ಹಾಜಿಯವರೂ ಅವರ ತಮ್ಮನೂ ಪ್ರತಿ ಶುಕ್ರವಾರ ಹೋಗುತ್ತಿದ್ದುದು ಅದೇ ಮಸೀದಿಗೆ. ಮೀನು ಕರಟಿ ಹೋಯಿತು. ಮಂಡಿನೋವಿನ ಹಾಜಿಯವರು ಗೋಡೆಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು, ಉಳಿದರು. ತಮ್ಮ ಸಾಲಿನಲ್ಲಿ ನಿಂತಿದ್ದರು, ಉಳಿಯಲಿಲ್ಲ.

ಕಾಕ ಸುನ್ನಿ ಪಂಗಡದವರು. ಬೇರೆ ಮಸೀದಿಯಲ್ಲಿದ್ದರು. ಸುದ್ದಿ ಕೇಳಿ ಮನೆಗೆ ಹೋಗದೆ ನೇರ ರಕ್ತ ಕೊಡುವಲ್ಲಿಗೆ ಟ್ಯಾಕ್ಸಿ ಹಿಡಿದರು. ಅವರು ಫೋನ್ ಮಾಡಿದ್ದರಿಂದ ನಾನೂ ಹೋದೆ. ಹೋಗಿ ನೋಡಿದರೆ ಬಿಸಿಲಿನಲ್ಲಿ ಸಾಲು ಬೀದಿಯವರೆಗೆ ಬಂದಿತ್ತು. ಕುವೈತಿಗಳು, ಈಜಿಪ್ಟಿನವರು, ಫಿಲಿಪ್ಪೀನಿನ ದಾದಿಯರು, ನಮ್ಮವರು. ಉಪವಾಸ ಇದ್ದವರಿಗೆ ಉಪವಾಸ ಬಿಟ್ಟ ಮೇಲೆ ಬನ್ನಿ ಎಂದರು. ಕಾಕ ಅಲ್ಲೇ ನೆರಳಿನಲ್ಲಿ ಕೂತರು, ಒಂದು ಹನಿ ನೀರಿಲ್ಲದೆ, ಸೂರ್ಯ ಮುಳುಗುವವರೆಗೆ. ಅಲ್ಲಿನವರು ನನ್ನ ರಕ್ತ ಬೇಡವೆಂದರು, ಬಿ.ಪಿ. ಏರಿತ್ತು. ಹೆದರಿಕೆಗೇ ಏರಿದ್ದು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮೂರು ದಿನ ಆ ದಿವಾನಿಯಾದಲ್ಲಿ ಸಂತಾಪ ಹೇಳಲು ಬಂದವರನ್ನು ನಾನು ಮರೆಯಲಾರೆ. ಬೀದಿಯ ಸುನ್ನಿ ಮನೆಗಳ ಯಜಮಾನರು ಬಂದು ಹಾಜಿಯವರ ಪಕ್ಕದಲ್ಲಿ, ಮನೆಯವರ ಸಾಲಿನಲ್ಲಿ ನಿಂತು ತಾವೇ ಬಂದವರ ಕೈ ಹಿಡಿದರು. ಬಾಂಬು ಸಿಡಿಸಿದವನಿಗೆ ಬೇಕಾಗಿದ್ದುದು ಶಿಯಾಗಳೂ ಸುನ್ನಿಗಳೂ ಹೊಡೆದಾಡುವುದು. ಇವರು ಹೆಗಲಿಗೆ ಹೆಗಲು ಕೊಟ್ಟು ನಿಂತರು. ನಾನು ಗೋಡೆಗೆ ಒರಗಿ ನೋಡಿದೆ. ಇಷ್ಟು ವರ್ಷ ಸಂಬಳಕ್ಕೆಂದು ಇದ್ದ ದೇಶದ ಮೇಲೆ ನನಗೆ ಮೊದಲ ಸಲ ಗೌರವ ಬಂದದ್ದು ಆಗ. ಕಾಕ ಮೂರು ದಿನವೂ ನಿಂತೇ ಕಾಫಿ ಹಾಕಿದರು.

ಗೌರವ ಬಂತು, ಭಯವೂ ಹೋಗಲಿಲ್ಲ. ಮಸೀದಿಗಳ ಮುಂದೆ ಕಾವಲು ಬಂತು, ತಡೆಗಂಬಗಳು ಬಂದವು, ಗೇಟಿನಲ್ಲಿ ಮೈ ತಡವುವ ಸ್ವಯಂಸೇವಕರು ಬಂದರು. ಅವೆಲ್ಲ ಇವತ್ತಿಗೂ ಕಾಣುತ್ತವೆ, ಈಗ ಯಾರಿಗೂ ಹೊಸತೆನಿಸುವುದಿಲ್ಲ. ಈ ದೇಶದಲ್ಲಿರುವ ಪ್ರತಿಯೊಬ್ಬರ ಡಿಎನ್‌ಎ ದಾಖಲೆಗೆ ಎಂಜಲಿನ ಮಾದರಿ ತೆಗೆದಿಡುತ್ತಾರಂತೆ ಎಂದು ನಮ್ಮ ಕಟ್ಟಡದಲ್ಲಿ ಗುಲ್ಲೆದ್ದು, ಮೂರನೇ ಮಹಡಿಯವರೊಬ್ಬರು ಅದಕ್ಕೂ ಫೀಸ್ ಇರುತ್ತದೆಯೇ ಎಂದು ನನ್ನನ್ನು ಕೇಳಿದ್ದರು. ಕೊನೆಗೆ ಅದು ನಡೆಯಲಿಲ್ಲ. ನಾನಂತೂ ಬಸ್ಸಿನಲ್ಲಿ ದಪ್ಪ ಅಂಗಿಯವರ ಪಕ್ಕ ಕೂರುವುದನ್ನು ಬಿಟ್ಟೆ. ಮಾಲ್‌ನಲ್ಲಿ ಹೊರಬಾಗಿಲು ಎಲ್ಲಿದೆ ಎಂದು ಮೊದಲು ನೋಡುತ್ತಿದ್ದೆ. ಸೋಮವಾರ ಹೊರಟರೆ ಹೆಂಡತಿ ಲಿಫ್ಟಿನವರೆಗೆ ಬರುತ್ತಿದ್ದಳು. ಮಗಳು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು, "ಪಪ್ಪಾ, ಈಸ್ ಇಟ್ ಸೇಫ್?" ಎನ್ನುತ್ತಿದ್ದಳು.

ಸೇಫ್ ಅಲ್ಲ ಎಂದೇ ನನ್ನ ಬಾಸ್ ಕೂಡ ಹೇಳುತ್ತಿದ್ದ. ಚಿಕ್ಕಪ್ಪನನ್ನು ಕಳೆದುಕೊಂಡವನು, ಅಪ್ಪನನ್ನೂ ಕಳೆದುಕೊಳ್ಳಲು ಸಿದ್ಧನಿರಲಿಲ್ಲ. ಅವನನ್ನು ತಪ್ಪೆನ್ನಲು ನನ್ನಿಂದಾಗದು. ಆ ಬೇಸಿಗೆಯ ಕೊನೆಗೆ ಹಾಜಿಯವರು ಮಂಡಿಯ ಆಪರೇಷನ್ನಿಗೆ ಜರ್ಮನಿಗೆ ಹೋದರು. ಬಾಸ್ ನನ್ನನ್ನು ಕರೆದು, "ಅಪ್ಪ ಬರುವುದರೊಳಗೆ ಬಾಗಿಲು ಸರಿ ಮಾಡಿಸು, ಖಲಾಸ್" ಎಂದ. ನಾನು ಖುಷಿಯಿಂದಲೇ ಮಾಡಿಸಿದೆ. ತೇಗದ ಬಾಗಿಲಿಗೆ ನಂಬರ್ ಒತ್ತುವ ಬೀಗ ಕೂತಿತು. ಮೇಲೆ ಕ್ಯಾಮೆರಾ. ಪಕ್ಕದಲ್ಲಿ ಒಂದು ಮೇಜು, ಬಂದವರ ಹೆಸರು, ಐಡಿ ಬರೆಯಲು ಪುಸ್ತಕ. ಬೀಗದವನು ಮರಕ್ಕೆ ತೂತು ಕೊರೆಯುವಾಗ ಕಾಕ ಒಳಗೆ ಹೋಗಿ ಪಾತ್ರೆ ತೊಳೆಯುತ್ತಿದ್ದರು. ಹೊರಗೆ ಬಂದು ಕೊರೆದ ಹುಡಿಯನ್ನು ಗುಡಿಸಿ ಒಂದು ಮಾತು ಹೇಳಿದರು, "ನೀವು ಮಾಡ್ಸಿದ್ದು ಸರಿಯಾಗ್ಲಿಲ್ಲ ಮಾರಾಯ್ರೆ." ನಾನು ಆರ್ಡರ್ ಅಂದರೆ ಆರ್ಡರ್ ಎಂದೆ. ನನ್ನ ಇಕಾಮಾ, ಅಂದರೆ ಈ ದೇಶದಲ್ಲಿ ಉಳಿಯುವ ಪರವಾನಗಿ, ಆ ಮಗನ ಕೈಯಲ್ಲಿತ್ತು. ಆದರೆ ನಿಜ ಹೇಳಬೇಕೆಂದರೆ, ಇಕಾಮಾ ಇಲ್ಲದಿದ್ದರೂ ಆ ಬೀಗ ಹಾಕಿಸುತ್ತಿದ್ದೆ.

ಹಾಜಿಯವರು ಕೋಲೂರಿಕೊಂಡು ವಾಪಸು ಬಂದ ಮೊದಲ ಸೋಮವಾರ. ಸಂಜೆಗೂ ಬೆವರಿಳಿಯುವ ಸೆಕೆ. ಬಾಗಿಲ ಮುಂದೆ ನಿಂತು ಬೀಗವನ್ನು, ಕ್ಯಾಮೆರಾವನ್ನು, ಮೇಜನ್ನು, ಮೇಜಿನ ಹಿಂದಿದ್ದ ನನ್ನನ್ನು ನೋಡಿದರು. ನಾನು ಓಡಿಹೋಗಿ ನಂಬರ್ ಒತ್ತಿ ಬಾಗಿಲು ತೆರೆದೆ. ಅವರು ಒಳಗೆ ಹೋಗಲಿಲ್ಲ. ಹೊರಗೋಡೆಗೆ ತಾಗಿಕೊಂಡು ಬೀದಿಯ ಕಡೆ ಒಂದು ಸಿಮೆಂಟಿನ ಕಟ್ಟೆಯಿದೆ, ಅಲ್ಲಿ ಹೋಗಿ ಕೂತರು. "ಕಾಕಾ, ಗಹ್ವಾ ಇಲ್ಲಿಗೇ ತಾ" ಎಂದರು.

ಅತಿಥಿಗಳು ಬಂದರು. ಹಿರಿಯರು ಹೊರಗೆ ಕೂತಿರುವಾಗ ಒಳಗೆ ಎ.ಸಿ.ಯಲ್ಲಿ ಕೂರುವವರು ಯಾರು? ಒಬ್ಬೊಬ್ಬರೇ ಕಟ್ಟೆಯ ಮೇಲೆ, ಕಟ್ಟೆ ತುಂಬಿದ ಮೇಲೆ ಮಡಚುವ ಕುರ್ಚಿಗಳಲ್ಲಿ, ಬೀದಿಯಲ್ಲೇ ಕೂತರು. ಒಬ್ಬ ಬ್ಯಾಂಕಿನ ದೊಡ್ಡ ಮನುಷ್ಯ ಬೆವರು ಒರೆಸುತ್ತ ಒರೆಸುತ್ತ ಒಂದು ಪೆಟ್ಟಿಗೆ ಟಿಶ್ಯೂ ಮುಗಿಸಿದ. ಮಗ ಬಂದ. ಅಪ್ಪನ ಮುಂದೆ ಮಂಡಿಯೂರಿ ಕೂತು ಅರಬ್ಬಿಯಲ್ಲಿ ಬೇಡಿಕೊಂಡ. ಬಾಗಿಲು ತೆರೆದಿಟ್ಟರೆ ನಾಳೆ ಯಾರು ಬರುತ್ತಾರೋ ಯಾರಿಗೆ ಗೊತ್ತು ಎಂದ.

ಹಾಜಿಯವರು ಮಗನ ತಲೆಯ ಮೇಲೆ ಕೈಯಿಟ್ಟರು. ಉತ್ತರವನ್ನು ಮಾತ್ರ ಹಿಂದಿಯಲ್ಲಿ, ನನ್ನ ಕಡೆ ನೋಡಿ ಹೇಳಿದರು, ನಾನೂ ಕೇಳಬೇಕೆಂದು. "ಅವನು ನನ್ನ ತಮ್ಮನನ್ನು ತೆಗೆದುಕೊಂಡು ಹೋದ. ನನ್ನ ಅಪ್ಪನ ಬಾಗಿಲನ್ನೂ ಅವನಿಗೇ ಕೊಡಬೇಕಾ?"

ಮರುದಿನ ಬೀಗ ಹೋಯಿತು. ಕ್ಯಾಮೆರಾ, ಮೇಜೂ ಹೋದವು. ಬಾಗಿಲಿನಲ್ಲಿ ಬೀಗ ಕೂತಿದ್ದ ತೂತು ಉಳಿಯಿತು. ಬಡಗಿಯನ್ನು ಕರೆಸಿ ಮುಚ್ಚಿಸಲೇ ಎಂದು ಕೇಳಿದ್ದಕ್ಕೆ ಹಾಜಿಯವರು ಬೇಡ, ಗಾಳಿ ಬರಲಿ ಎಂದರು.

ಮಗ ಒಂದು ಉಪಾಯ ಹುಡುಕಿದ. "ನೀನು ಪ್ರತಿ ಸೋಮವಾರ ಹೋಗಿ ಬಾಗಿಲ ಹತ್ತಿರ ಕೂರು. ಕೇಳಬೇಡ, ನೋಡು. ಅನುಮಾನ ಬಂದರೆ ನನಗೆ ಮೆಸೇಜ್ ಮಾಡು" ಎಂದ. ಹೀಗೆ ನಾನು ಕಾವಲುಗಾರನಾದೆ, ಫೈಲೊಂದನ್ನು ತೊಡೆಯ ಮೇಲಿಟ್ಟುಕೊಂಡು. ಹಾಜಿಯವರಿಗೆ ಗೊತ್ತಿತ್ತು, ಬೇಡವೆನ್ನಲಿಲ್ಲ. ನನಗೂ ದಿವಾನಿಯಾದಲ್ಲಿ ಕೂರುವ ಹಕ್ಕಿದೆಯಲ್ಲ.

ಎರಡು ವರ್ಷ ಯಾರ ಮೇಲೂ ಅನುಮಾನ ಬರಲಿಲ್ಲ. ಬಂದವರೆಲ್ಲ ಗುರುತಿನವರು, ಇಲ್ಲವೇ ಗುರುತಿನವರ ಜೊತೆ ಬಂದವರು. ಆಮೇಲೊಂದು ಚಳಿಗಾಲದ ಸೋಮವಾರ, ಹೊರಗೆ ಅಪರೂಪದ ಮಳೆ ಹನಿಯುತ್ತಿದ್ದಾಗ, ಅವನು ಬಂದ.

ನಲವತ್ತೈದರ ಆಸುಪಾಸು. ಕಪ್ಪು ಮೈಬಣ್ಣ, ಕುರುಚಲು ಗಡ್ಡ, ಮೈಗಿಂತ ಎರಡು ಅಳತೆ ದೊಡ್ಡದಾದ ದಪ್ಪ ಜಾಕೆಟ್. ಬಲಗೈ ಜಾಕೆಟಿನ ಒಳಗೆ. ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದ. ಸಲಾಂ ಕೂಡ ಸರಿಯಾಗಿ ಹೇಳಲಿಲ್ಲ. ಎದುರುಗೋಡೆಯ ಹತ್ತಿರ ಕೂತ. ಕೂತವನು ನನ್ನ ಕಡೆ ನೋಡಿದ, ನಾನು ನೋಡಿದಾಗ ತಲೆ ತಗ್ಗಿಸಿದ, ಮತ್ತೆ ನೋಡಿದ. ಕೈ ಜಾಕೆಟಿನಿಂದ ಹೊರಗೆ ಬರಲಿಲ್ಲ. ಕಾಕ ಕೊಟ್ಟ ಫಿಂಜಾನನ್ನು ಪ್ರತಿ ಸಲವೂ ಎಡಗೈಯಲ್ಲೇ ತೆಗೆದುಕೊಂಡ. ಈ ನಾಡಿನಲ್ಲಿ ಯಾರೂ ಹಾಗೆ ಮಾಡುವುದಿಲ್ಲ.

ಫೋನ್ ತೆಗೆದು ಬಾಸ್‌ಗೆ ಬರೆದೆ, "ಅಪರಿಚಿತ. ಜಾಕೆಟಿನೊಳಗೆ ಕೈ. ನನ್ನನ್ನೇ ನೋಡುತ್ತಿದ್ದಾನೆ." ಒಂದು ನಿಮಿಷದೊಳಗೆ ಉತ್ತರ ಬಂತು, "ಬರುತ್ತಿದ್ದೇನೆ. ಐಡಿ ಕೇಳು. ಯಲ್ಲಾ, ಬೇಗ."

ಐಡಿ ಕೇಳಬೇಕು. ಕೇಳಿದರೆ ಆ ಮನೆಯಲ್ಲಿ ಒಬ್ಬ ಅತಿಥಿಯನ್ನು ಹಾಗೆ ಕೇಳಿದ ಮೊದಲ ಮನುಷ್ಯ ನಾನಾಗುತ್ತೇನೆ. ಹಾಜಿಯವರು ಬೀದಿಯಲ್ಲಿ ಬೆವರು ಸುರಿಸಿ ಉಳಿಸಿಕೊಂಡ ಬಾಗಿಲನ್ನು ನಾನು ಒಂದು ಮಾತಿನಲ್ಲಿ ಮುಚ್ಚಿಬಿಡುತ್ತೇನೆ. ಕೇಳದಿದ್ದರೆ? ಮಗಳ ಪ್ರಶ್ನೆ ನೆನಪಾಯಿತು. ಎದ್ದೆ. ಕಾಲು ಮನೆಯ ಕಡೆಗೆ, ಬಾಗಿಲ ಹೊರಗೆ ಎಳೆಯುತ್ತಿತ್ತು. ಅದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಎಳೆದದ್ದು ನಿಜ. ಹೇಗೋ ಅವನ ಕಡೆ ನಾಲ್ಕು ಹೆಜ್ಜೆ ಇಟ್ಟೆ.

"ಭಾಯಿ, ಎಲ್ಲಿಗೆ?" ಹಾಜಿಯವರು ಕೇಳಿದರು.

ಹತ್ತಿರ ಹೋಗಿ ಬಗ್ಗಿ ಪಿಸುಗುಟ್ಟಿದೆ. ಯಾರಿಗೂ ಗುರುತಿಲ್ಲ, ಕೈ ಒಳಗಿದೆ, ಒಂದು ಸಲ ಐಡಿ ನೋಡಿಬಿಡುತ್ತೇನೆ, ಮೆತ್ತಗೆ ಕೇಳುತ್ತೇನೆ ಎಂದೆ.

ಹಾಜಿಯವರು ಆ ಮನುಷ್ಯನನ್ನು ನೋಡಿದರು. ಆಮೇಲೆ ಕಾಕನನ್ನು ಕೇಳಿದರು, "ಎಷ್ಟಾಯಿತು?"

"ಏಳು" ಎಂದರು ಕಾಕ. ಅವರ ಮುಖದಲ್ಲಿ ನಗು ಹಿಡಿದಿಟ್ಟ ಹಾಗಿತ್ತು.

"ನೀನು ಒಂಬತ್ತು ಕುಡಿದಿದ್ದೆ" ಎಂದು ಹಾಜಿಯವರು ನನಗೆ ಹೇಳಿದರು. ಅಷ್ಟು ವರ್ಷದ ಹಿಂದಿನ ಲೆಕ್ಕ ಅವರಿಗೆ ನೆನಪಿದೆಯೆಂದು ನಾನು ಊಹಿಸಿರಲಿಲ್ಲ. "ಆವತ್ತು ನನಗೂ ನಿನ್ನ ಗುರುತಿರಲಿಲ್ಲ. ನೀನು ಫೈಲು ತೆಗೆದು ಕೊಡುವವರೆಗೆ ಯಾರಾದರೂ ನಿನ್ನನ್ನು ಏನಾದರೂ ಕೇಳಿದರಾ?"

ಇಲ್ಲ ಎಂದೆ.

"ಕಾಕನ ಕೈ ಸೋತಿದೆ. ಅವನಿಗೆ ನೀನು ಹಾಕು."

ಕಾಕ, ಕಾಫಿ ಹಾಕುವವರ ಕ್ರಮದಂತೆ, ನನ್ನ ಎಡಗೈಗೆ ಕಾಫಿಯ ಹೂಜಿ ಕೊಟ್ಟರು. ಅದು ಕಾಣುವುದಕ್ಕಿಂತ ಭಾರ. ಅವನ ಮುಂದೆ ಹೋಗಿ ನಿಂತೆ. ಅವನು ಖಾಲಿ ಫಿಂಜಾನ್ ಮುಂದೆ ಚಾಚಿದ. ನಾನು ಕಾಫಿ ಹಾಕಿದೆ. ಅವನು ಅದನ್ನು ನೋಡಿ, ತನಗಷ್ಟೇ ಕೇಳುವ ಹಾಗೆ ಗೊಣಗಿದ, "ಅಯ್ಯೋ ದೇವ್ರೇ, ಇನ್ನೆಷ್ಟ್ ಕುಡಿಯೂದಪ್ಪಾ!"

ಕುಂದಾಪುರದ ಕನ್ನಡ!

ನಾನು ಹೂಜಿಯನ್ನು ಎದೆಗೆ ಅವುಚಿಕೊಂಡೆ, ಇಲ್ಲದಿದ್ದರೆ ಕೈಜಾರುತ್ತಿತ್ತು. "ಅಲ್ಲಾಡಿಸಿ" ಎಂದೆ. ಅವನು ತಲೆಯೆತ್ತಿದ. "ಕಪ್ಪನ್ನು ಅಲ್ಲಾಡಿಸಿ ಮಾರಾಯ್ರೆ, ಆಗ ನಿಲ್ಲಿಸ್ತಾರೆ."

ಅವನ ಮುಖ ಅರಳಿದ್ದನ್ನು ನಾನು ಹೇಗೆ ವರ್ಣಿಸಲಿ. ಬಲಗೈ ಜಾಕೆಟಿನಿಂದ ಹೊರಗೆ ಬಂತು, ಅದರಲ್ಲೊಂದು ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಪಾಸ್‌ಪೋರ್ಟ್, ಅರಬ್ಬಿಯಲ್ಲಿ ಅಚ್ಚಾದ ನಾಲ್ಕು ಕಾಗದ. ಮಳೆಗೆ ನೆನೆಯದಿರಲಿ ಎಂದು ದಾರಿಯುದ್ದಕ್ಕೂ ಎದೆಗೆ ಒತ್ತಿ ಹಿಡಿದುಕೊಂಡು ಬಂದಿದ್ದ. ಒಳಗೆ ಬಂದ ಮೇಲೂ ಬಿಡಲು ಧೈರ್ಯವಾಗಿರಲಿಲ್ಲ. ಹೋಟೆಲಿನಲ್ಲಿ ಅಡುಗೆಗಿದ್ದನಂತೆ. ಹೋಟೆಲು ಮುಚ್ಚಿತ್ತು, ಇಕಾಮಾ ಮುಗಿಯಲು ಆರೇ ದಿನ ಉಳಿದಿತ್ತು. ಜಾಕೆಟು ರೂಮಿನ ಪಠಾಣನದು.

"ಹವಲ್ಲಿಯಲ್ಲಿ ಅಂಗ್ಡಿಯವ್ರ್ ಹೇಳಿದ್ರ್" ಎಂದ. "ಒಂದ್ ಮನೆ ಬಾಗ್ಲ್ ಸೋಮವಾರ ತೆರ್ದೇ ಇರತ್ತ್, ಯಾರೂ ಎಂತದೂ ಕೇಳೂದಿಲ್ಲ, ಒಳಗೆ ನಮ್ಮವ್ರೊಬ್ರ್ ಕೂತಿರ್ತ್ರ್, ಅವ್ರಿಗೆ ಕಾಗ್ದ ತೋರ್ಸಿ ಅಂತ."

ಬಾಗಿಲಲ್ಲಿ ಬಾಸ್ ಏದುಸಿರು ಬಿಡುತ್ತ ಬಂದು ನಿಂತಿದ್ದ. ಹಾಜಿಯವರು ಅವನಿಗೆ ಪಕ್ಕದಲ್ಲಿ ಕೂರು ಎಂದು ಕೈಸನ್ನೆ ಮಾಡಿದರು. ಆ ವಾರ ಆ ಇಕಾಮಾ ನಮ್ಮ ಕಂಪನಿಗೆ ವರ್ಗವಾಯಿತು. ಅದರ ಅರಬ್ಬಿ ಕಾಗದಗಳನ್ನೆಲ್ಲ ಬಾಸ್ ತಾನೇ ಓಡಾಡಿ ಮಾಡಿಸಿದ. ಆದರೆ ಅದು ಆಮೇಲಿನ ಮಾತು. ಆ ಕ್ಷಣ ಕುಂದಾಪುರದವನು ಕೈಯಲ್ಲಿದ್ದ ಕಾಫಿ ಕುಡಿದು ಮುಗಿಸಿ, ಕಪ್ಪನ್ನು ಅಲ್ಲಾಡಿಸುವುದನ್ನೂ ಮರೆತು, ಚಾಚಿದ ಕೈ ಹಾಗೇ ಇಟ್ಟುಕೊಂಡು, ನನ್ನ ಮುಖವನ್ನೇ ನೋಡುತ್ತ ಹೇಳಿದ, "ಬಾಗ್ಲಲ್ಲ್ ನಿಂತದ್ದೇ ನಂಗೆ ಗೊತ್ತಾಯ್ತ್ ಕಾಣಿ, ನೀವೇ ನಮ್ಮವ್ರ್ ಅಂತ. ಅದ್ಕೇ ನಿಮ್ಮನ್ನೇ ನೋಡ್ತಾ ಇದ್ದೆ. ನಿಮ್ಗೆ ಮಾತ್ರ ನನ್ನ ಗುರ್ತ ಸಿಕ್ಕಿಲ್ಲ ಅಲ್ದಾ?"

ಸಿಗಲಿಲ್ಲ ಎಂದೆ. ಅವನ ಕಪ್ಪು ಖಾಲಿಯಿತ್ತು. ನಾನು ಮತ್ತೆ ಹಾಕಿದೆ.